ಒಂದೇ ಊರು, ಮೂವರು ಹಾನ್ಸ್ ಯೋರ್ಗ್: ನಿಮ್ಮ ಪೂರ್ವಜ ಯಾವನು?

ಜರ್ಮನ್ ಮನೆತನದ ವಂಶಾವಳಿಯಲ್ಲಿ 1876ರವರೆಗೆ ಹಿಂದಕ್ಕೆ ಹೋಗುವುದು ಸಲೀಸು. ಆ ವರ್ಷದ ಜನವರಿ 1ರಿಂದ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ ಇಡೀ ಜರ್ಮನಿಗೆ ಕಡ್ಡಾಯವಾಯಿತು. ಅದಕ್ಕೂ ಹಿಂದೆ ಬಹುಪಾಲು ಕಡೆ ಚರ್ಚ್ ಪುಸ್ತಕಗಳೇ ಗತಿ. 1600–1700ರ ಹೊತ್ತಿಗೆ ಮುಟ್ಟಿದಾಗ ಗೊಂದಲ ಶುರುವಾಗುತ್ತದೆ: ಹೆಸರೇನೋ ಸಿಗುತ್ತದೆ, ಆದರೆ ಅದೇ ಹೆಸರಿನವರು ಮೂವರಿರುತ್ತಾರೆ.

ಇಲ್ಲಿ ನೈಋತ್ಯ ಜರ್ಮನಿಯ ವುರ್ಟೆಂಬರ್ಗ್ ಸೀಮೆಯನ್ನೇ ಇಟ್ಟುಕೊಳ್ಳೋಣ. ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ ಬ್ರಾಕನ್‌ಹೈಮ್ ಇರುವುದೂ ಅಲ್ಲಿಯೇ. ಪ್ರೊಟೆಸ್ಟಂಟ್ ಸೀಮೆಯಾದ ಅಲ್ಲಿ ದೀಕ್ಷಾಸ್ನಾನ, ಮದುವೆಗಳನ್ನು ಬರೆದಿಡಬೇಕೆಂಬ ಆಜ್ಞೆ 1558ರಲ್ಲೇ ಆಗಿತ್ತು.

ಮೊದಲು ಊರು ಖಚಿತವಾಗಲಿ. ನಾಯ್‌ಸ್ಟಾಟ್ ಎಂದರೆ ‘ಹೊಸೂರು’. ನಮ್ಮ ಹೊಸೂರುಗಳ ಹಾಗೆಯೇ ಅಲ್ಲೂ ಬೇಕಾದಷ್ಟಿವೆ. ಸಣ್ಣ ಹಳ್ಳಿಗೆ ಸ್ವಂತ ಚರ್ಚ್ ಇಲ್ಲದಿದ್ದರೆ ಪಕ್ಕದೂರಿನ ಪುಸ್ತಕ ನೋಡಬೇಕು. ಪುಸ್ತಕಗಳ ಚಿತ್ರಪ್ರತಿ ಅಂತರ್ಜಾಲದಲ್ಲೇ ಇವೆ: ಪ್ರೊಟೆಸ್ಟಂಟರವು ಮುಖ್ಯವಾಗಿ ‘ಆರ್ಕಿಯೋನ್’ನಲ್ಲಿ, ಹಣ ಕಟ್ಟಬೇಕು, ಕ್ಯಾಥೊಲಿಕರವು ಬಹಳಷ್ಟು ‘ಮಾಟ್ರಿಕುಲಾ’ದಲ್ಲಿ, ಉಚಿತ.

ಆಮೇಲೆ ಅಕ್ಷರ. ‘ಕುರೆಂಟ್’ ಎಂಬ ಹಳೆಯ ಕೂಡಕ್ಷರದಲ್ಲಿ ‘ಇ’ (e) ಮತ್ತು ‘ಎನ್’ (n) ಒಂದೇ ಥರ ಕಾಣುತ್ತವೆ. ‘ಯು’ (u) ಮೇಲೆ ಸಣ್ಣ ಕೊಕ್ಕೆ ಇರುತ್ತದೆ. ಒಂದು ಪುಟವನ್ನು ಕೈಯಾರೆ ನಕಲು ಮಾಡಿ, ಆ ಪಾದ್ರಿಯ ಅಕ್ಷರಗಳ ಪಟ್ಟಿ ಮಾಡಿಕೊಳ್ಳಿ. ಪಾದ್ರಿ ಬದಲಾದರೆ ಪಟ್ಟಿಯೂ ಬದಲು. ಹೆಂಗಸರ ಮನೆತನದ ಹೆಸರಿಗೆ ‘ಇನ್’ ಸೇರುತ್ತದೆ: ಮ್ಯುಲರ್ ಮನೆಯವಳು ಮ್ಯುಲರಿನ್. ತಿಂಗಳ ಜಾಗದಲ್ಲಿ 7ರ ಅಂಕಿ ಹಾಕಿ ‘ಬ್ರಿಸ್’ ಎಂದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. ಲ್ಯಾಟಿನ್‌ನಲ್ಲಿ ‘ಸೆಪ್ಟೆಮ್’ ಎಂದರೆ ಏಳು. ಹಾಗೆಯೇ 8 ಅಕ್ಟೋಬರ್, 9 ನವೆಂಬರ್, 10 ಡಿಸೆಂಬರ್.

ಈಗ ಮರಣದ ದಾಖಲೆಯಿಂದ ಹಿಂದಕ್ಕೆ ಬನ್ನಿ. ಯೋಹಾನ್ ಗೆಯೋರ್ಗ್ (ಊರವರ ಬಾಯಲ್ಲಿ ಹಾನ್ಸ್ ಯೋರ್ಗ್, ಎರಡೂ ಒಂದೇ) 1731ರ ಮಾರ್ಚ್ 14ರಂದು ಸತ್ತ, ವಯಸ್ಸು 62 ವರ್ಷ 3 ತಿಂಗಳು 4 ದಿನ ಎಂದು ಬರೆದಿದೆ ಅನ್ನಿ. ಕಳೆದರೆ 1668ರ ಡಿಸೆಂಬರ್ 10 ಬರುತ್ತದೆ. ಆದರೆ ಪ್ರೊಟೆಸ್ಟಂಟ್ ಸೀಮೆಗಳು ಹೊಸ (ಗ್ರೆಗೋರಿಯನ್) ಪಂಚಾಂಗಕ್ಕೆ ಬಂದದ್ದು 1700ರಲ್ಲಿ. ಫೆಬ್ರುವರಿ 18ರ ಮರುದಿನವೇ ಮಾರ್ಚ್ 1 ಆಯಿತು. ಹಳೆಯ ಲೆಕ್ಕದಲ್ಲಿ ಅವನು ಹುಟ್ಟಿದ್ದು ನವೆಂಬರ್ 30. ಪಾದ್ರಿ ಆ ಹತ್ತು ದಿನವನ್ನು ಗಣಿಸದೆ ಹಳೆಯ ಪುಸ್ತಕ ನೋಡಿ ಕೂಡಿ-ಕಳೆದಿದ್ದರೆ ಡಿಸೆಂಬರ್ 10ರಲ್ಲೇ ಸಿಗುತ್ತಾನೆ. ಎರಡೂ ಕಡೆ ನೋಡಿ. ಹುಟ್ಟಿದ ಒಂದೆರಡು ದಿನದಲ್ಲೇ ದೀಕ್ಷಾಸ್ನಾನ ಆಗುತ್ತಿದ್ದುದರಿಂದ ಮುಂದಿನ ಪುಟವನ್ನೂ ಬಿಡಬೇಡಿ. ವಯಸ್ಸು ‘ಸುಮಾರು 60’ ಎಂದಷ್ಟೇ ಇದ್ದರೆ ಹಿಂದೆ ಮುಂದೆ ಐದಾರು ವರ್ಷ ಜಾಲಾಡಬೇಕು.

ಆ ಅವಧಿಯಲ್ಲಿ ಅದೇ ಹೆಸರಿನ ಮೂರು ಕೂಸುಗಳು ಸಿಕ್ಕವು. ಇಷ್ಟವಾದವನನ್ನು ಆರಿಸಿಕೊಳ್ಳುವ ಚಪಲ ಬರುವುದು ಇಲ್ಲೇ, ಅಂತರ್ಜಾಲದ ಅರ್ಧಕ್ಕರ್ಧ ವಂಶವೃಕ್ಷಗಳು ಕೆಡುವುದೂ ಇಲ್ಲೇ. ಮೂವರಿಗೂ ಒಂದೊಂದು ಹಾಳೆ ಮಾಡಿ. ಮೊದಲು ಮರಣದ ಪುಸ್ತಕದಲ್ಲಿ ಮಕ್ಕಳ ಸಾವು ಹುಡುಕಿ. ಕೂಸು ತೀರಿಕೊಂಡರೆ ಮುಂದೆ ಹುಟ್ಟಿದ ತಮ್ಮನಿಗೆ ಅದೇ ಹೆಸರಿಡುತ್ತಿದ್ದರು. ಒಂದೇ ಮನೆಯಲ್ಲಿ ಇಬ್ಬರು ಹಾನ್ಸ್ ಯೋರ್ಗ್ ಕಂಡರೆ ಮೊದಲನೆಯವನು ಬಹುಶಃ ಉಳಿದಿಲ್ಲ. ‘ಹಿರಿಯ’, ‘ಕಿರಿಯ’ ಎಂದಿದ್ದರೆ ಅಪ್ಪ-ಮಗ ಎಂದುಕೊಳ್ಳಬೇಡಿ. ಊರಲ್ಲಿ ಒಂದೇ ಹೆಸರಿನ ಇಬ್ಬರನ್ನು ಗುರುತಿಸಲು ಹಾಗೆ ಬರೆಯುತ್ತಿದ್ದರು, ಅಷ್ಟೇ. ಹಿರಿಯ ಸತ್ತ ಮೇಲೆ ನಿನ್ನೆಯ ಕಿರಿಯನೇ ಹಿರಿಯ.

ಉಳಿದ ಇಬ್ಬರನ್ನು ಬೇರ್ಪಡಿಸುವುದು ‘ಗೆಫಾಟರ್’ಗಳು, ಅಂದರೆ ದೀಕ್ಷಾಸ್ನಾನಕ್ಕೆ ಧರ್ಮಪಿತ, ಧರ್ಮಮಾತೆಯಾಗಿ ನಿಂತವರು. ಒಂದು ದಂಪತಿಯ ಎಲ್ಲ ಮಕ್ಕಳಿಗೂ ಸಾಮಾನ್ಯವಾಗಿ ಅವರೇ ನಿಲ್ಲುತ್ತಿದ್ದರು. 1695ರಿಂದ ಗಿರಣಿಯವನ ಹೆಂಡತಿಯೇ ನಿಲ್ಲುತ್ತಾ ಬಂದು, 1703ರಲ್ಲಿ ಎಲ್ಲರೂ ಹೊಸಬರಾದರೆ ಅನುಮಾನಪಡಿ: ಅದು ಬೇರೆ ದಂಪತಿ ಇರಬಹುದು, ಅಥವಾ ಎರಡನೇ ಹೆಂಡತಿ.

ವುರ್ಟೆಂಬರ್ಗ್‌ನಲ್ಲಿ ಇನ್ನೊಂದು ನಿಧಿ ಇದೆ: ಮದುವೆಯಾದಾಗ, ಸತ್ತಾಗ ಮನೆಯ ಆಸ್ತಿಯನ್ನೆಲ್ಲ ಪಟ್ಟಿ ಮಾಡಿದ ‘ಇನ್ವೆಂಟೂರ್ ಉಂಟ್ ಟೈಲುಂಗ್’ ಕಾಗದಗಳು. ಹಾಸಿಗೆ, ಹಸು, ಸಾಲದ ಜತೆಗೆ ವಾರಸುದಾರರ ಹೆಸರು, ಹೆಣ್ಣುಮಕ್ಕಳ ಗಂಡಂದಿರ ಹೆಸರೂ ಸಿಗುತ್ತವೆ. ಪಾದ್ರಿ ಮೈಮರೆತರೂ ಪಾಲಿಗೆ ಕೂತ ದಾಯಾದಿಗಳು ಮರೆಯುವುದಿಲ್ಲ.

ಮೂವತ್ತು ವರ್ಷಗಳ ಯುದ್ಧದಲ್ಲಿ ನ್ಯೋರ್ಡ್ಲಿಂಗನ್ ಕಾಳಗದ (1634) ನಂತರದ ಲೂಟಿಯಲ್ಲಿ ಅನೇಕ ಊರುಗಳ ಪುಸ್ತಕಗಳು ಹಾಳಾದವು. ಅಲ್ಲಿಗೆ ದಾರಿ ಕಡಿದರೆ, ಯುದ್ಧ ಮುಗಿದ 1648ರ ನಂತರದ ಮದುವೆಗಳಲ್ಲಿ ವರನ ಮೂಲ ಊರು ನೋಡಿ. ಪಾಳುಬಿದ್ದ ಹಳ್ಳಿಗಳಿಗೆ ಸ್ವಿಟ್ಜರ್ಲೆಂಡಿನಿಂದ ಬಂದು ನೆಲೆಸಿದವರು ಬಹಳ. ಅದೂ ಇಲ್ಲದಿದ್ದರೆ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಯಾರನ್ನು ಏಕೆ ಕೈಬಿಟ್ಟಿರೆಂದು ಬರೆದಿಡಿ.

ಈ ಕ್ರಮ ಉತ್ತರಕ್ಕೆ ಹೋದರೆ ನಡೆಯದು. ನಿಘಂಟಿನ ಕಿಟೆಲ್ ಹುಟ್ಟಿದ ಓಸ್ಟ್‌ಫ್ರೀಸ್‌ಲಾಂಡ್‌ನಲ್ಲಿ 1811ರ ನೆಪೋಲಿಯನ್ ಆಜ್ಞೆಯವರೆಗೂ ಬಹುತೇಕರಿಗೆ ಅಪ್ಪನ ಹೆಸರೇ ಮಗನ ಎರಡನೇ ಹೆಸರು: ಹಾರ್ಮ್ ಯಾನ್ಸೆನ್‌ನ ಮಗ ಯಾನ್ ಹಾರ್ಮ್ಸ್. ನಮ್ಮ ಇನಿಷಿಯಲ್ ಇದ್ದ ಹಾಗೆ. ವೆಸ್ಟ್‌ಫಾಲಿಯಾದಲ್ಲಿ ಹೊಲಮನೆಗೆ ಅಳಿಯನಾಗಿ ಹೋದವನು ಆ ಹೊಲಮನೆಯ ಹೆಸರನ್ನೇ ಹೊತ್ತುಕೊಳ್ಳುತ್ತಿದ್ದ. ಅಲ್ಲಿ ಅಡ್ಡಹೆಸರನ್ನು ಬಿಟ್ಟು ಜಮೀನಿನ ಬೆನ್ನು ಹತ್ತಿ.