ಕಟ್ ಇಲ್ಲದ ಕಡೆ ಕಣ್ಣಿಡಿ: ಬಸ್ಟರ್ ಕೀಟನ್‌ನ ಚಿತ್ರಗಳನ್ನು ನೋಡುವ ಬಗೆ

ಅಮೆರಿಕದ ಮೂಕಿ ಚಿತ್ರಗಳ ಹಾಸ್ಯನಟ, ನಿರ್ದೇಶಕ ಬಸ್ಟರ್ ಕೀಟನ್‌ನ ಚಿತ್ರಗಳನ್ನು ನೋಡಬೇಕೆಂದು ಹೊರಟವರು ಸಾಮಾನ್ಯವಾಗಿ ನೇರ ಅವನ ಹೆಸರಾಂತ ಚಿತ್ರ ‘ದಿ ಜನರಲ್’ಗೆ ಕೈ ಹಾಕುತ್ತಾರೆ. ದಯವಿಟ್ಟು ಅಲ್ಲಿಂದ ಆರಂಭಿಸಬೇಡಿ. 1920ರ ‘ಒನ್ ವೀಕ್’ ನೋಡಿ. ಇಪ್ಪತ್ತು ನಿಮಿಷಕ್ಕೆ ಸ್ವಲ್ಪ ಹೆಚ್ಚು ಕಡಿಮೆ, ಅಷ್ಟೇ. ಹೊಸದಾಗಿ ಮದುವೆಯಾದ ಜೋಡಿಗೆ ಬಿಡಿಭಾಗಗಳಾಗಿ ಪೆಟ್ಟಿಗೆಗಳಲ್ಲಿ ಬಂದ ಮನೆಯೊಂದು ಉಡುಗೊರೆಯಾಗಿ ಸಿಗುತ್ತದೆ. ಹೊಟ್ಟೆಕಿಚ್ಚಿನವನೊಬ್ಬ ಪೆಟ್ಟಿಗೆಗಳ ಮೇಲಿನ ಸಂಖ್ಯೆ ತಿದ್ದುತ್ತಾನೆ. ಸೊಟ್ಟಗೆ ಎದ್ದು ನಿಂತ ಆ ಮನೆ ಬಿರುಗಾಳಿಗೆ ಗಿರಗಿರನೆ ತಿರುಗತೊಡಗುತ್ತದೆ. ಅದು ಪುಟ್ಟ ಮಾದರಿಯಲ್ಲ. ತಿರುಗುವ ವೇದಿಕೆಯ ಮೇಲೆ ಕಟ್ಟಿದ, ಜನ ಒಳಹೊಕ್ಕು ಹೊರಬೀಳಬಲ್ಲ ಮನೆ.

ನೋಡುವ ಮೊದಲು ಎರಡು ಸಿದ್ಧತೆ. ಟಿವಿಯಲ್ಲಿ ಚಿತ್ರವನ್ನು ಪರದೆಯ ಅಗಲಕ್ಕೆ ಎಳೆದು ಹಿಗ್ಗಿಸುವ ಆಯ್ಕೆ ಇರುತ್ತದಲ್ಲ, ಅದನ್ನು ತೆಗೆದುಹಾಕಿ. ಹಳೆಯ ಚಿತ್ರಗಳ ಚೌಕಟ್ಟು ಬಹುತೇಕ ಚೌಕಾಕಾರ. ಎಡಬಲದಲ್ಲಿ ಕಪ್ಪು ಉಳಿದರೆ ಉಳಿಯಲಿ. ಹಿಗ್ಗಿಸಿದರೆ ಕೀಟನ್ ಕುಳ್ಳನಾಗುತ್ತಾನೆ, ಕತ್ತರಿಸಿದರೆ ಅವನ ಕಾಲೇ ಹೋಗುತ್ತದೆ. ಕಾಲಿಲ್ಲದ ಕೀಟನ್‌ನನ್ನು ನೋಡಿ ಏನು ಪ್ರಯೋಜನ? ಎರಡನೆಯದು, ಒಳ್ಳೆಯ ಪ್ರತಿ ಹುಡುಕಿ. 1928ರವರೆಗಿನ ಅವನ ಚಿತ್ರಗಳ ಹಕ್ಕುಸ್ವಾಮ್ಯ ಅಮೆರಿಕದಲ್ಲಿ ಮುಗಿದಿರುವುದರಿಂದ ಅಂತರ್ಜಾಲದಲ್ಲಿ ಅವು ಧಾರಾಳವಾಗಿ ಸಿಗುತ್ತವೆ. ಆದರೆ ಹಲವು ಪ್ರತಿಗಳು ಮಸುಕು, ಓಟವೂ ಅತಿ ವೇಗ. ಜನ ಗೊಂಬೆಗಳಂತೆ ಕುಣಿಯುತ್ತಿದ್ದರೆ ಆ ಪ್ರತಿಯನ್ನು ಬಿಟ್ಟು ಪುನರುಜ್ಜೀವನಗೊಳಿಸಿದ ಪ್ರತಿಯನ್ನು ಆರಿಸಿಕೊಳ್ಳಿ. ಮೊಬೈಲ್‌ನಲ್ಲಂತೂ ಬೇಡ.

ಇನ್ನು ನೋಡುವ ಕ್ರಮ. ನಾನು ಸಂಕಲನದ ಮೇಜಿನ ಮುಂದೆ ಬದುಕು ಸವೆಸಿದವನು. ಯಾವ ಚಿತ್ರ ನೋಡಿದರೂ ಕಟ್, ಅಂದರೆ ಒಂದು ಶಾಟ್ ಮುಗಿದು ಇನ್ನೊಂದು ಸೇರುವ ಜಾಗ, ಎಲ್ಲಿ ಬಿತ್ತು ಎಂದು ಕಣ್ಣು ತಾನಾಗಿಯೇ ಹುಡುಕುತ್ತದೆ. ನಟ ಜಿಗಿಯುವ ಮುನ್ನ ಒಂದು ಕಟ್, ನೆಲ ಮುಟ್ಟುವಾಗ ಇನ್ನೊಂದು. ನಡುವಿನ ಸುಳ್ಳನ್ನು ಮುಚ್ಚುವುದೇ ನಮ್ಮ ಕಸುಬು. ಕೀಟನ್‌ನ ಚಿತ್ರಗಳಲ್ಲಿ ಆ ಜಾಗದಲ್ಲಿ ಕಟ್ ಇರುವುದಿಲ್ಲ. ಕ್ಯಾಮೆರಾ ದೂರ ನಿಂತು ಅವನ ದೇಹವನ್ನು ತಲೆಯಿಂದ ಕಾಲಿನವರೆಗೆ ತೋರಿಸುತ್ತದೆ, ಅವನು ಬೀಳುತ್ತಾನೆ, ಏಳುತ್ತಾನೆ, ಎಲ್ಲವೂ ಒಂದೇ ಶಾಟ್. ಆದ್ದರಿಂದ ನೀವು ಮಾಡಬೇಕಾದ ಕೆಲಸ ಇಷ್ಟೇ: ನಗು ಬಂದ ಪ್ರತಿ ಕಡೆ ಹಿಂದಕ್ಕೆ ಹೋಗಿ, ಶಾಟ್ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ನೋಡಿ. ಈ ಸಲ ಧ್ವನಿ ಬಂದ್ ಮಾಡಿ. ಹಿನ್ನೆಲೆ ಸಂಗೀತ ಇಲ್ಲಿ ನಗು ಎಂದು ಮೊದಲೇ ಕೈ ಹಿಡಿದು ತೋರಿಸುತ್ತದೆ. ಅದಿಲ್ಲದಾಗ ಅವನ ಲೆಕ್ಕಾಚಾರ ಎದ್ದು ಕಾಣುತ್ತದೆ.

ಈ ದೇಹ ಎಲ್ಲಿ ಪಳಗಿತು ಎಂಬುದು ಗೊತ್ತಿದ್ದರೆ ಒಳ್ಳೆಯದು. 1895ರಲ್ಲಿ ಕಾನ್ಸಾಸ್‌ನ ಪಿಕ್ವಾ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ. ಅಪ್ಪ ಅಮ್ಮ ಇಬ್ಬರೂ ರಂಗದವರು. ಅಂಬೆಗಾಲು ಬಿಟ್ಟು ಹೆಚ್ಚು ಕಾಲವಾಗುವ ಮೊದಲೇ ಅವನೂ ವೇದಿಕೆ ಹತ್ತಿದ. ಮಗನ ಅಂಗಿಗೆ ಸೂಟ್‌ಕೇಸಿನ ಹಿಡಿ ಹೊಲಿದು, ಅಪ್ಪ ಅವನನ್ನು ರಂಗದ ಉದ್ದಗಲಕ್ಕೆ ಎಸೆಯುತ್ತಿದ್ದ. ಬಿದ್ದ ಹುಡುಗ ನಕ್ಕರೆ ಪ್ರೇಕ್ಷಕರ ನಗು ಕಡಿಮೆಯಾಗುತ್ತಿತ್ತು, ಗಂಭೀರವಾಗಿದ್ದರೆ ಹೆಚ್ಚುತ್ತಿತ್ತು. ನಗದ ಆ ಮುಖ ಹುಟ್ಟಿದ್ದು ಹಾಗೆ. 1917ರಲ್ಲಿ ಹಾಸ್ಯನಟ ರಾಸ್ಕೊ ಆರ್ಬಕಲ್‌ನ ಜೊತೆ ಸಿನಿಮಾಕ್ಕೆ ಬಂದವನು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಕ್ಯಾಮೆರಾವನ್ನು ಬಿಚ್ಚಿ ಅದರೊಳಗೇನಿದೆ ಎಂದು ನೋಡಿದ್ದು.

‘ಒನ್ ವೀಕ್’ ಆದ ಮೇಲೆ 1924ರ ‘ಶೆರ್ಲಾಕ್ ಜೂನಿಯರ್’ಗೆ ಬನ್ನಿ. ಮುಕ್ಕಾಲು ಗಂಟೆಯ ಈ ಚಿತ್ರದಲ್ಲಿ ಕಟ್ಟೇ ಹಾಸ್ಯದ ವಸ್ತು. ಪ್ರೊಜೆಕ್ಟರ್ ನಡೆಸುವ ಹುಡುಗ ಕನಸಿನಲ್ಲಿ ಪರದೆಯೊಳಗೆ ನಡೆದುಹೋಗುತ್ತಾನೆ. ಸುತ್ತಲಿನ ದೃಶ್ಯ ಬದಲಾಗುತ್ತಲೇ ಇರುತ್ತದೆ, ಬೆಂಚಿನ ಮೇಲೆ ಕೂರಲು ಹೋದವನು ರಸ್ತೆಗೆ ಬೀಳುತ್ತಾನೆ. ಕಟ್ ಬೀಳುವ ಕ್ಷಣದಲ್ಲಿ ಅವನ ನಿಲುವು ಮಾತ್ರ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಭೂಮಾಪನದ ಉಪಕರಣ ತಂದು ಕ್ಯಾಮೆರಾಕ್ಕೂ ತನಗೂ ಇರುವ ಅಂತರ ಅಳೆದು ಸಾಧಿಸಿದ್ದು ಅದು. ನಾನು ಇವತ್ತಿಗೂ ಹೊಸ ಸಂಕಲನಕಾರರಿಗೆ ಮೊದಲು ತೋರಿಸುವುದು ಈ ಭಾಗವನ್ನೇ. ಇದೇ ಚಿತ್ರದಲ್ಲಿ ರೈಲು ಹಳಿಯ ಬಳಿ ನೀರಿನ ತೊಟ್ಟಿಯ ಕೊಳವೆಯಿಂದ ಧಾರೆ ಸುರಿದು ಅವನನ್ನು ಕೆಳಕ್ಕೆ ಕೆಡವುತ್ತದೆ. ಆಗ ಅವನ ಕುತ್ತಿಗೆಯ ಮೂಳೆ ಮುರಿದಿತ್ತು. ವರ್ಷಗಳ ನಂತರ ಎಕ್ಸ್‌ರೇಯಲ್ಲಿ ಅದು ಗೊತ್ತಾಯಿತು.

ಮೂರನೆಯದಾಗಿ ‘ದಿ ಜನರಲ್’. 1926ರಲ್ಲಿ ಆರೆಗನ್‌ನ ಕಾಟೇಜ್ ಗ್ರೋವ್ ಸುತ್ತಮುತ್ತ ಚಿತ್ರೀಕರಿಸಿದ್ದು. ಉರಿಯುವ ಸೇತುವೆಯಿಂದ ರೈಲಿನ ಎಂಜಿನ್ ನದಿಗೆ ಉರುಳುವುದು ನಿಜವಾದ ಎಂಜಿನ್, ಎರಡನೆಯ ಅವಕಾಶವೇ ಇರಲಿಲ್ಲ. ಒಂದು ಮಾತು ಹೇಳಲೇಬೇಕು: ಇದರ ನಾಯಕ ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೊರಟ ದಕ್ಷಿಣದ ಪಕ್ಷದವನು. ‘ಸೆವೆನ್ ಚಾನ್ಸಸ್’ ಮತ್ತು ‘ಕಾಲೇಜ್’ ಚಿತ್ರಗಳಲ್ಲಿ ಬಿಳಿಯರು ಮುಖಕ್ಕೆ ಕಪ್ಪು ಬಳಿದುಕೊಂಡ ದೃಶ್ಯಗಳಿವೆ. ಮಕ್ಕಳ ಜೊತೆ ನೋಡುವಾಗ ಅಲ್ಲಿ ನಿಲ್ಲಿಸಿ, ಇದು ತಪ್ಪು ಎಂದು ಬಾಯಿಬಿಟ್ಟು ಹೇಳಿ. ಹಾರಿಸಿ ಮುಂದೆ ಹೋಗಬೇಡಿ.

1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ನಲ್ಲಿ ಮನೆಯ ಇಡೀ ಮುಂಗೋಡೆ ಅವನ ಮೇಲೆ ಬೀಳುತ್ತದೆ, ತೆರೆದ ಕಿಟಕಿ ಅವನಿದ್ದಲ್ಲೇ ಬರುತ್ತದೆ. ಇಕ್ಕೆಲದಲ್ಲಿ ಕೆಲವೇ ಅಂಗುಲ ಜಾಗ. ಅವನು ಕತ್ತೆತ್ತಿ ನೋಡುವುದೂ ಇಲ್ಲ.

ಅದೇ ವರ್ಷ ಅವನು ತನ್ನ ಸ್ವತಂತ್ರ ಚಿತ್ರನಿರ್ಮಾಣ ಘಟಕವನ್ನು ಬಿಟ್ಟು ಹಾಲಿವುಡ್‌ನ ದೊಡ್ಡ ಸ್ಟುಡಿಯೊ ಎಂಜಿಎಂ ಸೇರಿದ. ತನ್ನ ಬದುಕಿನ ದೊಡ್ಡ ತಪ್ಪು ಎಂದು ಅವನೇ ಮುಂದೆ ಹೇಳಿಕೊಂಡ. ಅಲ್ಲಿನ ಮೊದಲ ಚಿತ್ರ ‘ದಿ ಕ್ಯಾಮೆರಾಮನ್’ ಇನ್ನೂ ಅವನದೇ. ಖಾಲಿ ಯಾಂಕೀ ಕ್ರೀಡಾಂಗಣದಲ್ಲಿ ಒಬ್ಬನೇ ಬೇಸ್‌ಬಾಲ್ ಆಡುವ ಭಾಗವನ್ನು ತಪ್ಪದೆ ನೋಡಿ. ನಂತರ 1930ರ ‘ಫ್ರೀ ಅಂಡ್ ಈಜಿ’ಯನ್ನು ಹತ್ತು ನಿಮಿಷ ನೋಡಿದರೆ ಸಾಕು. ಮುಖ ಅದೇ, ದೇಹವೂ ಅದೇ. ಆದರೆ ಶಾಟ್ ಎಷ್ಟು ಹೊತ್ತು ಇರಬೇಕೆಂದು ನಿರ್ಧರಿಸುವವರು ಬೇರೆಯವರು, ಜೊತೆಗೆ ಇದು ಮಾತಿನ ಚಿತ್ರವಾದ್ದರಿಂದ ಬಾಯಿತುಂಬ ಮಾತು. ಕುಡಿತ, ವಿಚ್ಛೇದನ, 1933ರಲ್ಲಿ ಕೆಲಸದಿಂದ ವಜಾ. ನನಗೆ ಈ ವರ್ಷಗಳ ಚಿತ್ರಗಳನ್ನು ನೋಡುವಾಗ ಸಂಕಟವಾಗುತ್ತದೆ, ಹಾಗಾಗಿ ಒತ್ತಾಯಿಸುವುದಿಲ್ಲ. 1940ರಲ್ಲಿ ಎಲಿನರ್ ನಾರಿಸ್ ಅವನ ಕೈಹಿಡಿದಳು. ನಿಧಾನವಾಗಿ ಬದುಕು ಹಳಿಗೆ ಬಂತು. 1952ರಲ್ಲಿ ‘ಲೈಮ್‌ಲೈಟ್’ನಲ್ಲಿ ಚಾಪ್ಲಿನ್ ಜೊತೆ ಕಾಣಿಸಿಕೊಂಡ. ಹಳೆಯ ಚಿತ್ರಗಳಿಗೂ ಹೊಸ ಪ್ರೇಕ್ಷಕರು ಸಿಕ್ಕರು.

ಕೊನೆಗೆ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯ ಜಾಲತಾಣಕ್ಕೆ ಹೋಗಿ. ಅಲ್ಲಿ 1965ರ ಎರಡು ಚಿತ್ರಗಳು ಉಚಿತವಾಗಿ ಸಿಗುತ್ತವೆ: ಕೀಟನ್ ಪುಟ್ಟ ಹಳಿಬಂಡಿಯಲ್ಲಿ ಕೆನಡಾ ದಾಟುವ ‘ದಿ ರೈಲ್‌ರಾಡರ್’, ಮತ್ತು ಅದರ ಚಿತ್ರೀಕರಣದ ಸಾಕ್ಷ್ಯಚಿತ್ರ ‘ಬಸ್ಟರ್ ಕೀಟನ್ ರೈಡ್ಸ್ ಅಗೇನ್’. ಸಾಕ್ಷ್ಯಚಿತ್ರವನ್ನೇ ಮೊದಲು ನೋಡಿ. ಎತ್ತರದ ಸೇತುವೆಯ ಮೇಲೆ, ಬಿಚ್ಚಿದ ಭೂಪಟ ಮೈಗೆಲ್ಲ ಸುತ್ತಿಕೊಂಡ ಸ್ಥಿತಿಯಲ್ಲಿ ಬಂಡಿ ಹೋಗಬೇಕೆಂದು ಅವನ ಹಠ. ಅಪಾಯವೆಂದು ನಿರ್ದೇಶಕನ ಅಳುಕು. ಆಗ ಕೀಟನ್‌ಗೆ ಎಪ್ಪತ್ತರ ಹತ್ತಿರ ವಯಸ್ಸು, ಆಮೇಲೆ ಅವನು ಬದುಕಿದ್ದು 1966ರ ಫೆಬ್ರುವರಿ 1ರವರೆಗೆ ಮಾತ್ರ. ಆ ವಾಗ್ವಾದವನ್ನು ಪೂರ್ತಿ ಕೇಳಿಸಿಕೊಂಡು ಬಳಿಕ ‘ದಿ ರೈಲ್‌ರಾಡರ್’ ಹಾಕಿ, ಸೇತುವೆ ಬಂದಾಗ ಆ ಶಾಟ್ ಯಾರು ಹೇಳಿದಂತೆ ಆಗಿದೆ ಎಂದು ನೋಡಿ.