20×30ರಲ್ಲಿ ಅರ್ಧರ್ಧ ಮಹಡಿ

ಬೆಂಗಳೂರಿನ ಶ್ರೀನಗರದಲ್ಲಿ ನಮ್ಮದು 20×30 ಸೈಟು. ಪೂರ್ವಕ್ಕೆ ರಸ್ತೆ, ಉಳಿದ ಮೂರು ದಿಕ್ಕಿಗೂ ಬೇರೆಯವರ ಗೋಡೆ. ಊರವರಿಗೆಲ್ಲ ಪ್ಲಾನ್ ಹಾಕಿಕೊಡುವ ನನಗೆ ಸ್ವಂತದ ಈ 600 ಚದರಡಿ ಮೂರು ತಿಂಗಳು ನೀರು ಕುಡಿಸಿತು. ಎಲ್ಲಿಟ್ಟರೂ ಮೆಟ್ಟಿಲು ಅಡ್ಡ. ಮೆಟ್ಟಿಲು, ಅದರ ಮುಂದಿನ ಪ್ಯಾಸೇಜು ಸೇರಿದರೆ ಪ್ರತಿ ಮಹಡಿಯಲ್ಲೂ ಒಂದು ರೂಮಿನಷ್ಟು ಜಾಗ ಹೋಗುತ್ತಿತ್ತು.

ಕೊನೆಗೆ ಮನೆಯನ್ನೇ ನಡುವೆ ಸೀಳಿದೆ. ಎದುರು 3 ಅಡಿ ಬಿಟ್ಟು, ಮುಂಭಾಗಕ್ಕೆ 10 ಅಡಿ, ಮೆಟ್ಟಿಲಿಗೆ 6, ಹಿಂಭಾಗಕ್ಕೆ 9, ಮಿಕ್ಕಿದ್ದು ಗೋಡೆಗಳಿಗೆ. ಹಿಂದಿನ ರೂಮುಗಳು ಮುಂದಿನವಕ್ಕಿಂತ 5 ಅಡಿ ಎತ್ತರದಲ್ಲಿ. ಏಳೂವರೆ ಇಂಚಿನ ಎಂಟು ಮೆಟ್ಟಿಲು ಹತ್ತಿದರೆ ಒಂದು ರೂಮು, ತಿರುಗಿ ಎಂಟು ಹತ್ತಿದರೆ ಇನ್ನೊಂದು. ರೂಮಿನ ನೆಲವೇ ಲ್ಯಾಂಡಿಂಗು, ಅಂದರೆ ಮೆಟ್ಟಿಲು ತಿರುಗುವ ಜಾಗ. ಮೇಸ್ತ್ರಿ ಡ್ರಾಯಿಂಗನ್ನು ಎರಡು ಸಲ ತಿರುಗಿಸಿ ನೋಡಿ, "ಸಾರ್, ಸ್ಲ್ಯಾಬ್ ಯಾವ ಲೆವೆಲ್ಲಿಗೆ?" ಅಂದ. ಅವನ ತಪ್ಪಲ್ಲ.

ಪಾಯದಲ್ಲಿ ನಿಜವಾಗಿ ಭಯವಾಯಿತು. ಪಕ್ಕದವರದು ಹಳೆಯ ಸೈಜುಗಲ್ಲಿನ ಪಾಯ, ಆಳವಿಲ್ಲ. ಒಂದೇ ಸಲ ಅಗೆದರೆ ಅವರ ಗೋಡೆ ನಮ್ಮ ಗುಂಡಿಗೆ. ಒಂದು ಗುಂಡಿ ತೋಡಿ, ಕಾಂಕ್ರೀಟ್ ಹಾಕಿ, ಮಣ್ಣು ತುಂಬಿದ ಮೇಲೇ ಇನ್ನೊಂದು. ಗಡಿಯಂಚಿನ ಕಾಲಮ್ಮು ಫುಟಿಂಗಿನ (ಕಂಬದಡಿಯ ಅಗಲವಾದ ಕಾಂಕ್ರೀಟ್ ಪಾದದ) ನಡುವೆ ಕೂರುವುದಿಲ್ಲ, ಅಂಚಿಗೆ ಬರುತ್ತದೆ. ಅದು ವಾಲದಂತೆ ಒಳಗಿನ ಫುಟಿಂಗಿಗೆ ಸ್ಟ್ರ್ಯಾಪ್ ಬೀಮಿನಿಂದ ಕಟ್ಟಿದೆವು.

ಗೋಡೆಗೆ 9 ಇಂಚಿನ ಬದಲು 6 ಇಂಚಿನ ಸಾಲಿಡ್ ಬ್ಲಾಕು. ಎರಡು ಬದಿ ಸೇರಿ ಅರ್ಧ ಅಡಿ ಉಳಿಯಿತು. ನಗಬೇಡಿ, ಬೀರು ಕೂತದ್ದು ಆ ಅರ್ಧ ಅಡಿಯಲ್ಲೇ.

ಬೆಳಕು ಮೆಟ್ಟಿಲಿನ ಮೇಲಿನ ಗಾಜಿನಿಂದ. ರೈಸರ್, ಅಂದರೆ ಮೆಟ್ಟಿಲಿನ ನಿಲುವು ಭಾಗ, ಇಲ್ಲದ ಮೆಟ್ಟಿಲಾದ್ದರಿಂದ ಕೆಳಗಿನವರೆಗೂ ಇಳಿಯುತ್ತದೆ. ಮಳೆಗೆ ಹೆದರಿ ಗಾಜಿನ ಸುತ್ತ ಪೂರ್ತಿ ಮುಚ್ಚಿಸಿದ್ದೆ. ಮೊದಲ ಏಪ್ರಿಲ್‌ನಲ್ಲಿ ಮೇಲಿನ ರೂಮು ಕಾವಲಿ. ಆಮೇಲೆ ಗಾಜಿನ ಕೆಳಗೆ ಲೂವರ್ (ಗಾಳಿಯಾಡುವ ಓರೆಪಟ್ಟಿಗಳು) ಕೂರಿಸಿದೆ. ಈಗ ಬಿಸಿಗಾಳಿ ಅಲ್ಲಿಂದ ಹೊರಟರೆ, ಬೀದಿಕಿಟಕಿಯಿಂದ ತಂಗಾಳಿ ಎಳೆದುಕೊಳ್ಳುತ್ತದೆ.

ಅಮ್ಮನ ಪಟ್ಟು ಒಂದೇ: ಈಶಾನ್ಯದಲ್ಲಿ ಸಂಪು. ನಲ್ಲಿ ಬರುವುದೂ ಟ್ಯಾಂಕರ್ ನಿಲ್ಲುವುದೂ ಅದೇ ಮೂಲೆಗೆ, ವಾದಿಸಲಿಲ್ಲ. ಅವರ ಮಂಡಿಯನ್ನು ಮಾತ್ರ ಡ್ರಾಯಿಂಗಿನಲ್ಲಿ ಮರೆತಿದ್ದೆ. ಹಿಂದಿನ ರೂಮು ಅವರಿಗೆಂದು ಗುರುತು ಹಾಕಿದ್ದೆ. ಗೃಹಪ್ರವೇಶದ ದಿನವೇ ನಾಲ್ಕನೇ ಮೆಟ್ಟಿಲಲ್ಲಿ ಕೂತುಬಿಟ್ಟರು. ಪಾರ್ಕಿಂಗಿಗೆ ಇಟ್ಟಿದ್ದ ಮುಂಭಾಗ ಅವರ ರೂಮಾಯಿತು. ಸ್ಕೂಟರು ಸಂಪಿನ ಮುಚ್ಚಳದ ಪಕ್ಕ ನಿಲ್ಲುತ್ತದೆ, ನೀರು ಬಂದ ದಿನ ಸರಿಸಬೇಕು.