ಡಬ್ಬಿಯಲ್ಲಿ ಮಳೆ ಅಳೆದು ತೋಟ ನೋಡಿಕೊಳ್ಳುವುದು

ಮೂಡಿಗೆರೆ ಕಡೆ ನಮ್ಮದು ಮೂರು ಎಕರೆ ರೊಬಸ್ಟಾ ಕಾಫಿ, ಸಿಲ್ವರ್ ಮರಕ್ಕೆ ಹಬ್ಬಿಸಿದ ಮೆಣಸು. ಅಪ್ಪ ರೇವತಿ, ಅಶ್ವಿನಿ, ಭರಣಿ ಅಂತ ಮಳೆ ಹೆಸರು ಹೇಳಿಕೊಂಡೇ ತೋಟ ಮಾಡಿದರು. ಈಗ ಅದನ್ನೇ ನಂಬಿ ಕೂತರೆ ಕೆಟ್ಟೆವು. 2021ರ ಜನವರಿಯಲ್ಲೇ ಮಳೆ ಹೊಡೆಯಿತು. ಅಂಗಳದಲ್ಲಿ ಹರಡಿದ್ದ ಕಾಫಿಗೆ ಬೂಷ್ಟು, ಗಿಡದಲ್ಲಿ ಹಣ್ಣಿನ ಜೊತೆಗೇ ಹೂವು. ಕೊಯ್ಯೋಣ ಅಂದರೆ ಹೂ ಉದುರುತ್ತದೆ, ಬಿಡೋಣ ಅಂದರೆ ಹಣ್ಣು ಉದುರುತ್ತದೆ.

ಅದಕ್ಕೇ ನಾನು ಮಳೆ ಅಳೆದು ಪುಸ್ತಕದಲ್ಲಿ ಬರೆಯುತ್ತೇನೆ. ದುಬಾರಿ ಮಾಪಕ ಬೇಕಿಲ್ಲ. ಬಾಯಿಯೂ ಬುಡವೂ ಒಂದೇ ಅಗಲ ಇರುವ ಡಬ್ಬಿ ಸಾಕು, ತಳ ಮಾತ್ರ ಸಮ ಇರಲಿ. ಬೆಳಿಗ್ಗೆ ಎಂಟೂವರೆಗೆ ಸ್ಕೇಲ್ ಇಳಿಸಿ ನೋಡಿ, ಬರೆದು, ನೀರು ಚೆಲ್ಲಿ. 25 ಮಿಲಿಮೀಟರ್ ಅಂದರೆ ಹೆಚ್ಚುಕಡಿಮೆ ಒಂದು ಇಂಚು, ನಮ್ಮ ಕಡೆ ಮಾತಲ್ಲಿ ನೂರು ಸೆಂಟ್ಸ್.

ಡಬ್ಬಿ ಬಯಲಲ್ಲಿರಬೇಕು. ನಾನು ಮೊದಲ ವರ್ಷ ಜಗಲಿ ಪಕ್ಕ ಇಟ್ಟಿದ್ದೆ. ಸೂರಿನ ನೀರೂ ಸೇರಿ ನೂರು ಸೆಂಟ್ಸ್ ತೋರಿಸಿತು. ಹೂವಿಗೆ ಇಷ್ಟು ಸಾಕು ಅಂತ ಖುಷಿಯಲ್ಲಿ ಸ್ಪ್ರಿಂಕ್ಲರ್ ಬಿಚ್ಚಿ ಇಟ್ಟೆ. ಪಕ್ಕದ ತೋಟದವರ ಲೆಕ್ಕ ಕೇಳಿದರೆ ನಲವತ್ತೇ! ಅಷ್ಟರಲ್ಲಿ ಮೊಗ್ಗು ಅರ್ಧ ಉಬ್ಬಿ, ಗುಲಾಬಿ ಬಣ್ಣಕ್ಕೆ ತಿರುಗಿ, ಹಾಗೇ ಒಣಗಿತ್ತು.

ಹೂ ಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಮಳೆ, ಒಂದು ಇಂಚಾದರೂ ಬೇಕು. ಕಡಿಮೆ ಬಿದ್ದರೆ ಕಾಯಬೇಡಿ, ಮಾರನೇ ದಿನವೇ ಉಳಿದದ್ದನ್ನು ಸ್ಪ್ರಿಂಕ್ಲರ್‌ನಲ್ಲಿ ತುಂಬಿಸಿ. ಎಂಟೊಂಬತ್ತು ದಿನಕ್ಕೆ ಹೂ ಬಿರಿಯುತ್ತದೆ. ಆಗ ನೀರು, ಔಷಧಿ ಎರಡೂ ಬೇಡ. ರೊಬಸ್ಟಾ ಕಾಯಿ ಕಟ್ಟೋಕೆ ಬೇರೆ ಗಿಡದ ಪರಾಗ ಬೇಕು, ಜೇನು ಓಡಾಡಲಿ. ಹೂವಾಗಿ ಎರಡು ಮೂರು ವಾರದಲ್ಲಿ ಬ್ಯಾಕಿಂಗ್ ಮಳೆ, ಅಂದರೆ ಕಾಯಿ ನಿಲ್ಲಿಸುವ ಎರಡನೇ ಮಳೆ, ಬರದಿದ್ದರೆ ಮತ್ತೆ ನೀರು ಕೊಡಿ.

ಮಳೆಗಾಲದಲ್ಲಿ ಪುಸ್ತಕದ ಉಪಯೋಗ ಬೇರೆ: ಎಷ್ಟು ದಿನ ಬಿಡದೆ ಸುರಿಯಿತು ಅಂತ ಗೊತ್ತಾಗುತ್ತದೆ. 2018, 2019ರ ಆಗಸ್ಟ್ ನೆನಪಿದೆ ಅಲ್ವಾ? ಹಾಗೆ ಬಿಡದೆ ಸುರಿದರೆ ಮೆಣಸಿಗೆ ಸೊರಗು ರೋಗ ಗ್ಯಾರಂಟಿ. ಬಸಿಗಾಲುವೆ ಮೇನಲ್ಲೇ ಬಿಡಿಸಿ. ಮಳೆ ಹಿಡಿಯುವ ಮುಂಚೆ ಒಂದು ಸಲ, ಆಗಸ್ಟಿನಲ್ಲಿ ಮಳೆ ಬಿಟ್ಟು ಹೊಳವಾದಾಗ ಇನ್ನೊಂದು ಸಲ ಮೆಣಸಿಗೆ ಬೋರ್ಡೋ (ತುತ್ತ, ಸುಣ್ಣ ಕಲಸಿದ ಔಷಧಿ) ಹೊಡೆಯಿರಿ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಿರಿ. ಉಜ್ಜಿದ ಕತ್ತಿ ಅದ್ದಿ ನೋಡಿ. ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಕಲಸಿದ ದಿನವೇ ಹೊಡೆದು ಮುಗಿಸಿ, ನಾಳೆಗೆ ಇಟ್ಟರೆ ಕೆಲಸಕ್ಕೆ ಬಾರದು.